ಕಾಲ್ಬೆರಳಿನ ಬದಲಿಗೆ ಒಂದು ಬೆಂಚು

ಮಂಡಿ ನೋವು ಅಂತ ಹೋದರೆ ಡಾಕ್ಟರು ಎರಡೇ ಮಾತು ಹೇಳಿದರು. ಮೆಟ್ಟಿಲು ಹತ್ತೋದು ಕಮ್ಮಿ ಮಾಡಿ. ನೆಲದ ಮೇಲೆ ಕೂರಬೇಡಿ. ಮೊದಲನೆಯದಕ್ಕೆ ತೊಂದರೆ ಇರಲಿಲ್ಲ. ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಮನೆ ನೆಲಮಹಡಿಯಲ್ಲೇ ಇದೆ, ಪಕ್ಕದಲ್ಲೇ ಶಟರ್ ಹಾಕಿದ ಗ್ಯಾರೇಜು. ಎರಡನೆಯದು ಮಾತ್ರ ನನ್ನ ಲೆಕ್ಕವನ್ನೆಲ್ಲ ಕೆಡಿಸಿತು. ನಿವೃತ್ತಿಯಾದ ಮೇಲೆ ಮರಗೆಲಸ ಕಲಿಯಬೇಕು ಅಂತ ಹತ್ತು ವರ್ಷದಿಂದ ಅಂದುಕೊಂಡಿದ್ದೆ. ಅಂದುಕೊಂಡಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದ ನಾನು ನೆಲದ ಮೇಲೇ ಕೂತಿರುತ್ತಿದ್ದೆ.

ಅದಕ್ಕೆ ಕಾರಣ ಧಾರವಾಡದ ನಮ್ಮ ಓಣಿಯ ಬಡಿಗೇರ ಅಜ್ಜ. ಶಾಲೆ ಬಿಟ್ಟ ಮೇಲೆ ಅವರ ಕಟ್ಟೆಯ ಮೇಲೆ ಕೂತು ಕೆಲಸ ನೋಡೋದು ನಮಗೆ ಸಿನಿಮಾ ಇದ್ದ ಹಾಗೆ. ಅಜ್ಜ ಒಂದು ಕಾಲು ಮಡಚಿ, ಇನ್ನೊಂದು ಕಾಲು ಚಾಚಿ ಕೂರುತ್ತಿದ್ದರು. ಚಾಚಿದ ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಮರದ ಪಟ್ಟಿ. ಇನ್ನೊಂದು ತುದಿಗೆ ನೆಲದಲ್ಲಿ ಹುಗಿದ ಒಂದು ಗೂಟ. ರಂದಾ ಹೊಡೆಯುವಾಗ (ಪುಸ್ತಕದಲ್ಲಿ ಕೀಸುಳಿ ಅಂತಾರೆ, ನಮ್ಮ ಕಡೆ ಬಾಯಲ್ಲಿ ರಂದಾ) ಪಟ್ಟಿ ಗೂಟಕ್ಕೆ ಒರಗುತ್ತಿತ್ತು. ಉಳಿ ಹಿಡಿದಾಗ ಹಿಮ್ಮಡಿ ಬಂದು ಪಟ್ಟಿಯನ್ನು ಅದುಮುತ್ತಿತ್ತು. ಪಟ್ಟಿ ತಿರುಗಿಸಬೇಕಾದರೆ ಕೈ ಬರುತ್ತಲೇ ಇರಲಿಲ್ಲ, ಕಾಲ್ಬೆರಳೇ ತಿರುಗಿಸುತ್ತಿತ್ತು. ಆ ಹೆಬ್ಬೆರಳಿನ ಉಗುರು ಒಡೆದು, ಹಳದಿಯಾಗಿ, ಕೊಂಬಿನ ಹಾಗೆ ದಪ್ಪಗಿತ್ತು. ನಮಗೆ ಅದನ್ನು ನೋಡಿದರೆ ಹೆದರಿಕೆ, ಆದರೂ ಅದನ್ನೇ ನೋಡುತ್ತಿದ್ದೆವು.

ನನಗೆ ಆ ಕಾಲು ಬೇಕಾಗಿತ್ತು. ಡಾಕ್ಟರು ಅದನ್ನೇ ಬೇಡ ಅಂದರು. ಹಾಗಾಗಿ ಬೆಂಚು, ನಿಂತುಕೊಂಡೇ ಮರಗೆಲಸ ಮಾಡೋಕೆ.

ಬೆಂಚು ಅಂದ ಕೂಡಲೇ ಜನಕ್ಕೆ ಮೇಜು ನೆನಪಾಗುತ್ತದೆ. ನನಗೂ ಹಾಗೇ ಆಗಿತ್ತು. ಸಾಮಾನು ಇಡೋಕೆ ಒಂದು ಗಟ್ಟಿ ಜಾಗ, ಅಷ್ಟೇ ಅಲ್ವಾ? ಅಲ್ಲ. ಮೇಜಿನ ಮೇಲೆ ಭಾರ ಕೆಳಮುಖವಾಗಿ ಬೀಳುತ್ತದೆ. ಊಟದ ತಟ್ಟೆ ಮೇಜನ್ನು ಪಕ್ಕಕ್ಕೆ ನೂಕುವುದಿಲ್ಲ. ರಂದಾ ಹೊಡೆಯುವವನು ಮಾತ್ರ ತನ್ನ ಮೈಭಾರವನ್ನೆಲ್ಲ ಹಾಕಿ ಪಕ್ಕಕ್ಕೇ ನೂಕುತ್ತಾನೆ, ಅದೂ ದಿನಕ್ಕೆ ನೂರಾರು ಸಲ. ಬೆಂಚಿನ ಪರೀಕ್ಷೆ ಅಲ್ಲೇ ಇದೆ. ಎಷ್ಟು ಭಾರ ಹೊರುತ್ತದೆ ಅನ್ನೋದಲ್ಲ, ನೂಕಿದರೆ ಏನು ಮಾಡುತ್ತದೆ ಅನ್ನೋದು.

ಇದು ಗೊತ್ತಾಗೋಕೆ ಮುಂಚೆ ಎರಡು ಸಲ ಕೈ ಸುಟ್ಟುಕೊಂಡೆ. ಮೊದಲು ಹಳೆಯ ಊಟದ ಮೇಜನ್ನು ಗ್ಯಾರೇಜಿಗೆ ಎಳೆದುಕೊಂಡು ಬಂದೆ. ರಂದಾ ಹೊಡೆದರೆ ಅದೂ ನನ್ನ ಜೊತೆಗೇ ಹೊರಟಿತು. ನಾಲ್ಕು ಎಳೆತಕ್ಕೆ ಶಟರ್ ಹತ್ತಿರ ಬಂದಿತ್ತು. ಆಮೇಲೆ ತೂತು ತೂತಿನ ಕಬ್ಬಿಣದ ರ‍್ಯಾಕ್ ಪಟ್ಟಿಯ ಚೌಕಟ್ಟು ಮಾಡಿಸಿ, ಮೇಲೆ ಪ್ಲೈವುಡ್ ಹಾಕಿದೆ. ಮಾಡಿಕೊಟ್ಟ ಅಂಗಡಿಯವರು "ಅರ್ಧ ಟನ್ ಹೊರುತ್ತೆ ಸಾಹೇಬ್ರೆ" ಅಂದಿದ್ದರು. ಹೊತ್ತಿರಬಹುದು. ಆದರೆ ಬೆರಳಲ್ಲಿ ತಳ್ಳಿದರೂ ಜೋಲಿ ಹೊಡೆಯುತ್ತಿತ್ತು. ಬೋಲ್ಟನ್ನು ಎಷ್ಟು ಬಿಗಿದರೂ ಅಷ್ಟೇ.

ಇಲ್ಲಿ ನನ್ನ ಹಳೇ ಕಸುಬು ಸ್ವಲ್ಪ ಕೆಲಸಕ್ಕೆ ಬಂತು. ಪಿಂಪ್ರಿ-ಚಿಂಚ್‌ವಾಡ ಕಡೆಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ 31 ವರ್ಷ ಅಳತೆ ನೋಡಿದವನು ನಾನು. ಚೌಕಟ್ಟಿನ ಮೂಲೆಯಲ್ಲಿ 8 ಮಿಲಿಮೀಟರ್ ಬೋಲ್ಟು, ಅದರ ತೂತು 9 ಮಿಲಿಮೀಟರ್. ಮೂಲೆಯಲ್ಲಿ ಒಂದು ಕೂದಲೆಳೆಯಷ್ಟು ಜಾರಿದರೆ ಮೂರಡಿ ಮೇಲೆ ಅದು ಬೆರಳಗಲ ಆಗುತ್ತದೆ. ನಾಲ್ಕು ಪಟ್ಟಿ ಸೇರಿಸಿದ ಆಯ ತಾನಾಗಿಯೇ ಓರೆಯಾಗುತ್ತದೆ, ಮೂರು ಪಟ್ಟಿಯ ತ್ರಿಕೋನ ಆಗುವುದಿಲ್ಲ. ಹೀಗಾಗಿ ಇರೋದು ಎರಡೇ ದಾರಿ. ಒಂದೋ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹಾಕಿ ತ್ರಿಕೋನ ಮಾಡಬೇಕು, ಇಲ್ಲವೋ ಮೂಲೆಯ ಜೋಡಣೆಯನ್ನು ಅಗಲವಾಗಿ, ಆಳವಾಗಿ, ಜಾರದ ಹಾಗೆ ಮಾಡಬೇಕು. ಓರೆಪಟ್ಟಿ ಸುಲಭ, ಆದರೆ ಕೆಳಗೆ ಸಾಮಾನು ಇಡೋಕೆ ಅಡ್ಡ ಬರುತ್ತದೆ. ನಾನು ಎರಡನೇ ದಾರಿ ಹಿಡಿದೆ. ಹಟ ಅಂತಲೂ ಹೇಳಬಹುದು.

ಅದೇ ಹೊತ್ತಿಗೆ ಎದುರಿನ ಬಂಗಲೆಯಲ್ಲಿ ಇಂಟೀರಿಯರ್ ಕೆಲಸ ನಡೆದಿತ್ತು. ಅಲ್ಲಿ ಒಬ್ಬ ಮಿಸ್ತ್ರಿ ಫೋನಿನಲ್ಲಿ ಕನ್ನಡದಲ್ಲಿ ಬೈಯ್ಯುತ್ತಿದ್ದ. ಯಾರನ್ನ ಅಂತ ಗೊತ್ತಿಲ್ಲ, ಬೈಗುಳ ಮಾತ್ರ ಅಪ್ಪಟ ಗಡಿ ಕನ್ನಡ. ಹೋಗಿ ಮಾತಾಡಿಸಿದೆ. ಸಾಂಗ್ಲಿ ಜಿಲ್ಲೆಯ ಜತ್ ಕಡೆಯವನು. ಮನೆಯಲ್ಲಿ ಕನ್ನಡ, ಶಾಲೆ ಮರಾಠಿ, ಕೆಲಸದ ಮಾತು ಹಿಂದಿ. ವಯಸ್ಸು ನಲವತ್ತರ ಹತ್ತಿರ. ಮೊದಲ ದಿನವೇ ನನ್ನನ್ನು ಕಾಕಾ ಅಂದ. ನಾನು ಅವನನ್ನು ಮಿಸ್ತ್ರಿ ಅಂತಲೇ ಕರೆಯುತ್ತೇನೆ. ಗ್ಯಾರೇಜಿಗೆ ಬಂದು ನನ್ನ ಕಬ್ಬಿಣದ ಚೌಕಟ್ಟನ್ನು ಒಂದು ಸಲ ಅಲ್ಲಾಡಿಸಿ ನೋಡಿದ.

"ಕಾಕಾ, ಇದು ಜೋಕಾಲಿ ಐತ್ರಿ."

ಅವನಿಗೆ ಬೆಂಚು ಯಾಕೆ ಬೇಕು ಅನ್ನೋದೇ ಅರ್ಥವಾಗಲಿಲ್ಲ. ಅವನ ಸೈಟಿನಲ್ಲಿರುವ ಬೆಂಚು ಅಂದರೆ ಎರಡು ಸ್ಟೂಲು, ಮೇಲೊಂದು ಪ್ಲೈ ತುಂಡು. ಆ ಪ್ಲೈಯ ಅಡಿಗೆ ಕಟಿಂಗ್ ಮಷಿನ್ ತಲೆಕೆಳಗಾಗಿ ಬಿಗಿದಿರುತ್ತಾನೆ, ಮೇಲೆ ಬ್ಲೇಡ್ ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ನೆಲದ ಮೇಲೆ, ಕಾಲಿನಲ್ಲಿ. "ನಿಂತು ರಂದಾ ಹೊಡಿಯೋರು ಐಟಿಐ ಮಾಸ್ತರ್ರು" ಅಂತ ನಕ್ಕ. ಆದರೆ ಮಂಡಿ ಕಥೆ ಹೇಳಿದ ಮೇಲೆ ಸುಮ್ಮನಾದ. ಅವನ ಅಪ್ಪನಿಗೂ ಅದೇ ತೊಂದರೆಯಂತೆ.

ಕಾಲಿಗೆ ಮರ ಹುಡುಕೋಕೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿಗೆ ಹೋದೆವು. ಹೊಸ ಸಾಗವಾನಿಯ ಬೆಲೆ ಕೇಳಿದ ಮೇಲೆ ಹಳೇ ಮರದ ಕಡೆ ತಿರುಗಿದೆವು. ಪುಣೆಯ ಪೇಟೆಗಳಲ್ಲಿ ಹಳೇ ವಾಡೆಗಳು ಒಂದೊಂದಾಗಿ ಬೀಳುತ್ತಿವೆ. ಅವುಗಳ ತೊಲೆ, ಕಂಬ, ಬಾಗಿಲ ಚೌಕಟ್ಟು ಎಲ್ಲ ಹಳೇ ಮರದ ಅಂಗಡಿಗೆ ಬರುತ್ತವೆ. ಹೊರಗಿನಿಂದ ನೋಡಿದರೆ ಮಸಿ ಹಿಡಿದ ಸೌದೆ. ಒಂದು ಮೂಲೆ ಕೆರೆದರೆ ಜೇನಿನ ಬಣ್ಣ. ದಶಕಗಟ್ಟಲೆ ಒಣಗಿದ ಮರ, ಇನ್ನು ಅದು ಸೊಟ್ಟಗಾಗೋದು ಅಷ್ಟರಲ್ಲೇ ಇದೆ. ಅಂಗಡಿಯವರು ಒಂದು ತೊಲೆ ತಟ್ಟಿ, ಇದು ಪಾನ್‌ಶೇತ್ ನೀರು ಕುಡಿದ ಮರ ಅಂದರು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಟೆಗೆ ನುಗ್ಗಿತ್ತು. ಪುಣೆಯಲ್ಲಿ ಹಳೇ ಸಾಮಾನು ಮಾರುವವರು ಯಾವುದನ್ನು ಮುಟ್ಟಿದರೂ ಅದು ಒಂದೋ ಪೇಶ್ವೆಯರ ಕಾಲದ್ದು, ಇಲ್ಲ ಪಾನ್‌ಶೇತ್ ಪ್ರವಾಹದ್ದು. ನಾನು ನಂಬಲಿಲ್ಲ, ತೊಲೆ ಮಾತ್ರ ತಗೊಂಡೆ.

ಅಲ್ಲೇ ಎಡವಟ್ಟಾಯಿತು. ಮಿಸ್ತ್ರಿ ಮೊಳೆ ನೋಡಿ, ಮೊಳೆ ನೋಡಿ ಅಂತ ಎರಡು ಸಲ ಹೇಳಿದ್ದ. ನಾನೂ ನೋಡಿ ಹನ್ನೊಂದು ಮೊಳೆ ಕಿತ್ತಿದ್ದೆ. ಹನ್ನೆರಡನೆಯದು ತಲೆ ಮುರಿದು ಮರದೊಳಗೆ ಕೂತಿತ್ತು. ಹೊಸ ಬ್ಲೇಡ್ ಹಾಕಿದ ಮೊದಲ ದಿನವೇ ಕಿರ್ ಅಂತ ಸದ್ದು, ಒಂದು ಕಿಡಿ, ಮೂರು ಹಲ್ಲು ಹೋಯಿತು. ಒಂದು ಹಲ್ಲು ಎಲ್ಲಿಗೆ ಹಾರಿತು ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ಮಾರನೇ ದಿನ ಒಂದು ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮರದ ಮೇಲೆ ಇಂಚಿಂಚು ಆಡಿಸಿದೆ. ಇನ್ನೂ ಎರಡು ಸಿಕ್ಕವು. ಹಳೇ ಮರ ತಗೊಳ್ಳುವವರು ಈ ಕೆಲಸ ಮೊದಲು ಮಾಡಿ, ಗರಗಸ ಆಮೇಲೆ ಮುಟ್ಟಿ.

ಮೇಲಿನ ಹಲಗೆಗೆ ಸಾಗವಾನಿ ಕೊಳ್ಳುವಷ್ಟು ದುಡ್ಡಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಬೆಂಚಿನ ತಲೆಗೆ ಬೇಕಾಗಿರೋದು ದಪ್ಪ ಮತ್ತು ತೂಕ, ಚಂದವಲ್ಲ. ಸ್ವಲ್ಪ ಮೆತ್ತಗಿನ ಮರವಾದರೆ ಒಳ್ಳೆಯದೇ. ಕೆಲಸದ ಮರ ಬೆಂಚಿಗೆ ಬಡಿದರೆ ಗಾಯ ಬೆಂಚಿಗೆ ಆಗಲಿ, ಕೆಲಸದ ಮರಕ್ಕೆ ಬೇಡ.

ಆಗ ನೆನಪಾದದ್ದು ಪೈನ್ ಪೆಟ್ಟಿಗೆಗಳು. ಚಾಕಣ್, ಭೋಸರಿ ಕಡೆಯ ಕಾರ್ಖಾನೆಗಳಿಗೆ ಹೊರದೇಶದಿಂದ ಮಷಿನ್ ಬಂದರೆ ಅದರ ಅಡಿಗೆ ತೊಡೆಗಾತ್ರದ ಪೈನ್ ದಿಮ್ಮಿಗಳಿರುತ್ತವೆ. 31 ವರ್ಷ ನಾನು ಆ ಪೆಟ್ಟಿಗೆ ಒಡೆಸಿ ಒಳಗಿನ ಮಷಿನಿನ ಸುತ್ತ ಓಡಾಡಿದ್ದೆ. ಪೆಟ್ಟಿಗೆಯನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಈಗ ಅದೇ ಮರವನ್ನು ಭೋಸರಿಯ ಗುಜರಿಯವರ ಹತ್ತಿರ ಚೌಕಾಸಿ ಮಾಡಿ ತಂದೆ. ಮೇಲೆ ಗೋಧಿ ತೆನೆಯ ಚಿತ್ರದ ಮುದ್ರೆ, ಪಕ್ಕದಲ್ಲಿ ದೇಶದ ಅಕ್ಷರ, ಕೆಳಗೆ ಎಚ್‌ಟಿ ಅಂತ ಇತ್ತು. ಮರದ ತಿರುಳಿನವರೆಗೂ 56 ಡಿಗ್ರಿ ಶಾಖ ತಲುಪಿ, 30 ನಿಮಿಷ ಹಾಗೇ ಇಟ್ಟಿದ್ದಾರೆ ಅಂತ ಅದರ ಅರ್ಥ. ಹುಳ ದೇಶ ದಾಟಬಾರದು ಅಂತ ಈ ವ್ಯವಸ್ಥೆ. ಎಂಬಿ ಅಂತ ಇದ್ದರೆ ಬಿಟ್ಟುಬಿಡಿ, ಅದಕ್ಕೆ ಮಿಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಹಾಕಿರುತ್ತಾರೆ.

ದಿಮ್ಮಿಗಳನ್ನು ಒಂದೂವರೆ ಇಂಚು ದಪ್ಪ, ಮೂರೂಕಾಲು ಇಂಚು ಅಗಲದ ಪಟ್ಟಿಗಳಾಗಿ ಸೀಳಿಸಿದೆ. ಆರಡಿ ಉದ್ದದ ಹದಿನಾರು ಪಟ್ಟಿ. ಅವನ್ನು ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ, ಮುಖಕ್ಕೆ ಮುಖ ಅಂಟಿಸಿದರೆ ಎರಡಡಿ ಅಗಲದ, ಮೂರಿಂಚು ದಪ್ಪದ ಹಲಗೆ. ಹೇಳೋಕೆ ಸುಲಭ.

ಏಪ್ರಿಲ್ ತಿಂಗಳು. ಶಟರಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಅಂಟು ಹಚ್ಚಿದ ಮೇಲೆ ಹತ್ತು ನಿಮಿಷ ಸಿಗುತ್ತದೆ ಅಂದುಕೊಂಡಿದ್ದೆ. ಆ ಸೆಕೆಯಲ್ಲಿ ಅಷ್ಟೂ ಸಿಗಲಿಲ್ಲ. ಹೆಂಡತಿ ಬ್ರಷ್ಷು ಹಿಡಿದು ಫೆವಿಕಾಲ್ ಬಳಿಯೋದು, ನಾನು ಪಟ್ಟಿ ಜೋಡಿಸಿ ಶಿಕಂಜಾ (ಬಿಗಿದು ಹಿಡಿಯುವ ಕ್ಲ್ಯಾಂಪು) ತಿರುಗಿಸೋದು. ಬಿಗಿ ಮಾಡಿದಂತೆ ಪಟ್ಟಿಗಳು ಹಸಿ ಅಂಟಿನ ಮೇಲೆ ಮೀನಿನ ಹಾಗೆ ಜಾರತೊಡಗಿದವು. ಒಂದನ್ನು ಸರಿ ಮಾಡಿದರೆ ಇನ್ನೊಂದು ಮೇಲೆ ಎದ್ದಿತು.

"ಏನ್ರೀ, ಇದು ಮ್ಯಾಲ ಬಂತು."

"ಬಡೀ ಅದನ್ನ."

"ಯಾವುದರ್ಲೆ?"

"ಕೊಡತಿ ಎಲ್ಲೈತಿ?"

ಕೊಡತಿ ಅವಳ ಸ್ಕೂಟರಿನ ಸೀಟಿನ ಮೇಲಿತ್ತು. ಸ್ಕೂಟರು ಓಣಿಯ ಆ ತುದಿಯಲ್ಲಿತ್ತು, ಜಾಗ ಬೇಕು ಅಂತ ನಾನೇ ಬೆಳಿಗ್ಗೆ ಅಲ್ಲಿ ನಿಲ್ಲಿಸಿ ಬಂದಿದ್ದೆ. ತರುವಷ್ಟರಲ್ಲಿ ಅಂಟು ಹಿಡಿಯಿತು. ಆ ಒಂದು ಪಟ್ಟಿ ಕಾಲು ಇಂಚು ಮೇಲೆದ್ದು ಹಾಗೇ ಗಟ್ಟಿಯಾಯಿತು. ಅದನ್ನು ಸಮ ಮಾಡೋಕೆ ಆಮೇಲೆ ಎರಡು ದಿನ ರಂದಾ ಹೊಡೆದೆ.

ಸಂಜೆ ಮಿಸ್ತ್ರಿ ಬಂದು ನೋಡಿ, ಹದಿನಾರೂ ಒಂದೇ ಸಲ ಯಾಕೆ ಅಂಟಿಸೋಕೆ ಹೊರಟಿರಿ ಅಂತ ಕೇಳಿದ. ಉತ್ತರ ಇರಲಿಲ್ಲ. ಅದೃಷ್ಟಕ್ಕೆ ಅವತ್ತು ನಾಲ್ಕೇ ಅಂಟಿಸಿ ಸುಸ್ತಾಗಿದ್ದೆ. ನಾಲ್ಕು ನಾಲ್ಕರ ಕಟ್ಟು ಮಾಡೋದು, ಒಂದೊಂದು ಕಟ್ಟನ್ನೂ ಟಿಂಬರ್ ಮಾರ್ಕೆಟ್ಟಿನ ರಂದಾ ಮಷಿನ್ನಿಗೆ ಕೊಟ್ಟು ಸಮ ಮಾಡಿಸೋದು, ಕಡೆಗೆ ನಾಲ್ಕು ಕಟ್ಟು ಸೇರಿಸೋಕೆ ಬರೀ ಮೂರು ಗೆರೆ ಅಂಟು. ಇದು ಅವನ ದಾರಿ. ಜಾರಬಾರದು ಅಂದರೆ ಅಂಟಿನ ಮೇಲೆ ಒಂದು ಚಿಟಿಕೆ ಪುಡಿ ಉಪ್ಪು ಉದುರಿಸಬೇಕಂತೆ, ಹರಳು ಮರಕ್ಕೆ ಕಚ್ಚಿ ಹಿಡಿಯುತ್ತದೆ. ಉಳಿದ ಕಟ್ಟುಗಳಿಗೆ ಹಾಗೇ ಮಾಡಿದೆ. ಒಂದೂ ಜಾರಲಿಲ್ಲ. ಉಪ್ಪಿನ ಡಬ್ಬಿ ಒಂದು ವಾರ ಗ್ಯಾರೇಜಿನಲ್ಲೇ ಇತ್ತು, ಅಡುಗೆಮನೆಯಿಂದ ದಿನಾ ಒಂದು ಕೂಗು ಬರುತ್ತಿತ್ತು. ಬಡಿಗೇರ ಅಜ್ಜನ ಕಾಲದಲ್ಲಿ ಇದ್ದದ್ದು ಮರವಜ್ರ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು, ಕಾಯಿಸಿ ಹಚ್ಚಬೇಕು. ಆ ವಾಸನೆ ನೆನಪಾದರೆ ಫೆವಿಕಾಲ್ ಮೇಲೆ ಪ್ರೀತಿ ಹೆಚ್ಚಾಗುತ್ತದೆ.

ಕಾಲುಗಳ ಜೋಡಣೆಗೆ ಒಂದು ತಿಂಗಳು ಹಿಡಿಯಿತು. ನಾಲ್ಕು ಇಂಚಿನ ಚೌಕ ಕಾಲು. ಎಡಗಡೆಯ ಎರಡು ಕಾಲು ಒಂದು ಜೋಡಿ, ಬಲಗಡೆಯ ಎರಡು ಇನ್ನೊಂದು. ಒಂದೊಂದು ಜೋಡಿಗೂ ಎರಡು ಅಡ್ಡಪಟ್ಟಿ. ಪಟ್ಟಿಯ ತುದಿಯಲ್ಲಿ ನಾಲಿಗೆ, ಕಾಲಿನಲ್ಲಿ ಅದಕ್ಕೆ ಸರಿಯಾದ ಕುಳಿ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ, ಇದು ಎಲ್ಲ ಬಡಗಿಗಳೂ ಹೇಳುವ ಲೆಕ್ಕ. ಆದರೆ ಎಷ್ಟು ಬಿಗಿ ಇರಬೇಕು ಅನ್ನೋದಕ್ಕೆ ಲೆಕ್ಕವೇ ಇಲ್ಲ. ಕಾರ್ಖಾನೆಯಲ್ಲಿ ನನಗೆ ಡ್ರಾಯಿಂಗ್ ಇರುತ್ತಿತ್ತು, ಅದರಲ್ಲಿ ಮಿಲಿಮೀಟರಿನ ನೂರನೇ ಎರಡು ಭಾಗ ಹೆಚ್ಚು ಇಲ್ಲವೇ ಕಮ್ಮಿ ಅಂತ ಬರೆದಿರುತ್ತಿತ್ತು. ವರ್ನಿಯರ್ ಹಿಡಿದು ನಾಲಿಗೆ ಅಳೆಯೋಕೆ ಹೋದರೆ ಮಿಸ್ತ್ರಿ ಅದನ್ನು ಕೈಯಿಂದ ಕಿತ್ತುಕೊಂಡು ಪಕ್ಕಕ್ಕಿಟ್ಟ.

"ಒತ್ತಿದ್ರ ಹೋಗಬೇಕ್ರಿ. ಬಿಟ್ರ ಬೀಳಬಾರ್ದು. ಮುಗೀತು."

ಎಂಟು ಕುಳಿಯಲ್ಲಿ ಮೊದಲ ಎರಡು ಸಡಿಲವಾದವು. ನಾಲಿಗೆಗೆ ತೆಳ್ಳನೆಯ ಚಕ್ಕೆ ಅಂಟಿಸಿ ದಪ್ಪ ಮಾಡಿದೆ. ಮೂರನೆಯದು ಎಷ್ಟು ಬಿಗಿಯಾಯಿತು ಅಂದರೆ ಹೊಡೆದಾಗ ಕಾಲಿನ ಮೂಲೆ ಸೀಳಿತು. ಐದನೆಯದರ ಹೊತ್ತಿಗೆ ಕೈಗೆ ಸ್ವಲ್ಪ ತಿಳಿಯಿತು. ಎಂಟನೆಯದು ಒಳಗೆ ಹೋಗುವಾಗ ಫುಸ್ ಅಂತ ಗಾಳಿ ಹೊರಗೆ ಬಂದ ಸದ್ದು ಕೇಳಿಸಿತು. ಅದನ್ನು ಎಳೆದು ತೆಗೆದು ಇನ್ನೊಂದು ಸಲ ಹಾಕಿದೆ. ಸುಮ್ನೆ, ಸದ್ದು ಕೇಳೋಕೆ.

ಉದ್ದದ ಪಟ್ಟಿಗಳಿಗೆ ಮಾತ್ರ ಅಂಟು ಹಾಕಲಿಲ್ಲ. ಹಳೇ ಮಂಚಗಳಲ್ಲಿ ಇರುತ್ತದಲ್ಲ, ಕಾಲಿನ ಮೂಲಕ ಪಟ್ಟಿಯೊಳಗೆ ಹೋಗುವ ಉದ್ದ ಬೋಲ್ಟು, ಪಕ್ಕದ ತೂತಿನಲ್ಲಿ ನಟ್ಟು, ಅದೇ ತರಹ. 12 ಮಿಲಿಮೀಟರಿನವು, ಒಂದು ಮೂಲೆಗೆ ಎರಡು. ಇದಕ್ಕೆ ಎರಡು ಕಾರಣ. ಮನೆ ಬದಲಿಸಿದರೆ ಬಿಚ್ಚಬಹುದು. ಬೇಸಿಗೆಯಲ್ಲಿ ಮರ ಕುಗ್ಗಿ ಸಡಿಲವಾದರೆ ಪಾನಾ ತಗೊಂಡು ಅರ್ಧ ಸುತ್ತು ಬಿಗಿಯಬಹುದು. ರ‍್ಯಾಕ್ ಪಟ್ಟಿಯ ಬೋಲ್ಟು ಜಾರಿತು, ಇದು ಜಾರುವುದಿಲ್ಲವಾ? ಇಲ್ಲ. ಇಲ್ಲಿ ಐದಿಂಚು ಅಗಲದ ಪಟ್ಟಿಯ ತುದಿ ಇಡೀ ಕಾಲಿಗೆ ಒತ್ತಿ ನಿಂತಿದೆ. ಬೋಲ್ಟಿನ ಕೆಲಸ ಬರೀ ಎಳೆದು ಹಿಡಿಯೋದು.

ಮರ ಕುಗ್ಗುತ್ತದೆ, ಹಿಗ್ಗುತ್ತದೆ ಅಂತ ಕೇಳಿದ್ದೆ. ಕಣ್ಣಾರೆ ನೋಡೋವರೆಗೆ ನಂಬಿರಲಿಲ್ಲ. ಮೇ ತಿಂಗಳಲ್ಲಿ ಹಲಗೆಯ ಅಗಲ ಅಳೆದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ, 606 ಮಿಲಿಮೀಟರ್. ಆಗಸ್ಟ್ ಮಳೆಯಲ್ಲಿ ಅಳೆದರೆ 611. ಉದ್ದ ಮಾತ್ರ ಹಾಗೇ ಇತ್ತು. ಕಬ್ಬಿಣದ ಭಾಗ ಹೀಗೆ ಮಾಡಿದ್ದರೆ ಇಡೀ ಲಾಟು ವಾಪಸ್ ಕಳಿಸುತ್ತಿದ್ದೆ. ಮರದ ನಾರಿನ ಗುಣವೇ ಅದು. ತೇಗದಂಥ ಶಾಂತ ಮರ ಕೂಡ ಹಸಿ ಇದ್ದದ್ದು ಪೂರ್ತಿ ಒಣಗುವಷ್ಟರಲ್ಲಿ ಅಡ್ಡಕ್ಕೆ ನೂರಕ್ಕೆ ಐದರಷ್ಟು ಕುಗ್ಗುತ್ತದೆ, ಉದ್ದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಮೇಲಿನ ಹಲಗೆಯನ್ನು ಕಾಲಿಗೆ ಗಟ್ಟಿಯಾಗಿ ಬಿಗಿಯಬಾರದು. ಮುಂದಿನ ಕಾಲುಗಳ ಹತ್ತಿರ ಕದಲದ ಹಾಗೆ ಹಿಡಿದು, ಹಿಂದಿನ ಕಡೆ ಸ್ಕ್ರೂ ತೂತನ್ನು ಉದ್ದುದ್ದ ಮಾಡಿದೆ. ಹಿಗ್ಗೋದಾದರೆ ಗೋಡೆ ಕಡೆ ಹಿಗ್ಗಲಿ, ನನ್ನ ಕಡೆ ಬೇಡ. ಇದನ್ನು ಮಾಡದೆ ನಾಲ್ಕೂ ಕಡೆ ಸ್ಕ್ರೂ ಬಿಗಿದರೆ ಒಂದೆರಡು ಮಳೆಗಾಲದಲ್ಲಿ ಹಲಗೆ ಬಾಗುತ್ತದೆ, ಇಲ್ಲ ಸೀಳುತ್ತದೆ.

ಎತ್ತರದ ವಿಷಯದಲ್ಲಿ ನೂರು ಜನ ನೂರು ಮಾತು ಹೇಳುತ್ತಾರೆ. ಚಪ್ಪಲಿ ಹಾಕಿ ನೇರ ನಿಂತು, ಕೈ ಇಳಿಬಿಟ್ಟು, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಅಳೆಯೋದು ಒಂದು ಲೆಕ್ಕ. ನನಗೆ 33 ಇಂಚು ಬಂತು. ರಂದಾ ಕೆಲಸಕ್ಕೆ ಇದಕ್ಕಿಂತ ತಗ್ಗು ಇದ್ದರೆ ಮೈಭಾರ ಹಾಕಬಹುದು, ಸಣ್ಣ ಕೆತ್ತನೆಗೆ ಎತ್ತರ ಇದ್ದರೆ ಬೆನ್ನು ಉಳಿಯುತ್ತದೆ. ಅಂದ ಹಾಗೆ, ರೋಮನ್ನರ ಕಾಲದ ಬೆಂಚುಗಳು ಮಂಡಿಯೆತ್ತರಕ್ಕಿಂತ ಹೆಚ್ಚಿರಲಿಲ್ಲ. ಜರ್ಮನಿಯ ಸಾಲ್‌ಬುರ್ಗ್ ಅನ್ನೋ ರೋಮನ್ ಕೋಟೆಯ ಬಾವಿಯಲ್ಲಿ ಅಂಥದ್ದೊಂದು ಸಿಕ್ಕಿದೆ. ಅಂಥ ಬೆಂಚಿನ ಮೇಲೆ ಕೂತೇ ಕೆಲಸ ಮಾಡಬಹುದು. ಅದನ್ನು ಓದಿದಾಗ ನಮ್ಮ ಅಜ್ಜನಿಗೂ ಅವರಿಗೂ ಅಷ್ಟೇನೂ ದೂರವಿಲ್ಲ ಅನ್ನಿಸಿತು.

ಗ್ಯಾರೇಜಿನ ನೆಲ ಸಮ ಇರುತ್ತದೆ ಅಂದುಕೊಳ್ಳಬೇಡಿ. ಗಾಡಿ ತೊಳೆದ ನೀರು ಹೊರಗೆ ಹೋಗಲಿ ಅಂತ ಶಟರ್ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ನಮ್ಮಲ್ಲಿ ಆರಡಿಗೆ ಮುಕ್ಕಾಲು ಇಂಚು ಇಳಿಜಾರಿತ್ತು. ಒಂದೊಂದು ಕಾಲಿನ ಕೆಳಗೂ ಶಹಾಬಾದ್ ಕಲ್ಲಿನ ತುಂಡು ಇಟ್ಟೆ, ಇಳಿಜಾರಿನ ಕಡೆ ಎರಡೆರಡು. ಮಟ್ಟವೂ ಬಂತು, ಒದ್ದೆ ನೆಲದಿಂದ ಮರಕ್ಕೆ ಬಿಡುಗಡೆಯೂ ಆಯಿತು. ಪೈನ್ ಅಂದರೆ ಗೆದ್ದಲಿಗೆ ಹಬ್ಬದೂಟ, ಆದ್ದರಿಂದ ನೆಲಕ್ಕೆ ತಾಗುವ ಜಾಗದಲ್ಲಿ ಸಾಗವಾನಿಯೇ ಇರಲಿ. ಪುಣೆಯ ಅರ್ಧ ಅಂಗಳಗಳಿಗೆ ಹಾಸಿರೋದು ನಮ್ಮ ಕಲಬುರಗಿ ಕಡೆಯ ಈ ಕಲ್ಲೇ. ಅದರ ಮೇಲೆ ಕಾಲಿಟ್ಟು ನಿಂತಿರೋನು ನಾನೊಬ್ಬನೇ ಅಲ್ಲ ಅಂತ ಮಿಸ್ತ್ರಿಗೆ ಹೇಳಿದೆ. ಅವನಿಗೆ ನಗು ಬರಲಿಲ್ಲ.

ಹಲಗೆ ಸಮ ಮಾಡೋದು ಮೂರು ದಿನದ ಕೆಲಸ. ಎರಡು ತುದಿಗೂ ಕಿಟಕಿಯ ಅಲ್ಯುಮಿನಿಯಮ್ ಪಟ್ಟಿ ಅಡ್ಡ ಇಟ್ಟು, ಬಗ್ಗಿ, ಒಂದರ ಅಂಚಿನ ಮೇಲಿಂದ ಇನ್ನೊಂದರ ಅಂಚು ನೋಡಬೇಕು. ಎರಡು ಗೆರೆ ಒಂದಕ್ಕೊಂದು ಸರಿಹೊಂದದೆ ಒಂದು ಕಡೆ ಎದ್ದಿದ್ದರೆ ಹಲಗೆ ತಿರುಚಿಕೊಂಡಿದೆ ಅಂತ ಲೆಕ್ಕ. ಎತ್ತರದ ಜಾಗಕ್ಕೆ ಚಾಕ್ ಹಚ್ಚಿ, ನಾರಿಗೆ ಓರೆಯಾಗಿ ರಂದಾ ಹೊಡೆದು, ಮತ್ತೆ ನೋಡೋದು. ಬೆಂಚು ತನ್ನ ಮೈ ಮೇಲೆ ತಾನೇ ಮೊದಲ ಪರೀಕ್ಷೆ ಬರೆಯಿತು. ನಾನು ಬೆವರಿದೆ, ಅದು ಮಿಸುಕಲಿಲ್ಲ. ನನ್ನ ಲೆಕ್ಕದಲ್ಲಿ ಒಟ್ಟು ನೂರು ಕಿಲೋ ಹತ್ತಿರ ಇದೆ. ಅದರಲ್ಲಿ ಮೇಲಿನ ಹಲಗೆಯೇ ನಲವತ್ತರ ಮೇಲೆ. ಕೆಳಗಿನ ಪಟ್ಟಿಗಳ ಮೇಲೆ ಹಲಗೆ ಜೋಡಿಸಿ ಎರಡು ಮರಳು ಚೀಲವನ್ನೂ ಇಟ್ಟಿದ್ದೇನೆ.

ಹಿಡಿತಕ್ಕೆ ಬೇಕಾದ ವೈಸ್ (ತಿರುಪು ಸುತ್ತಿದರೆ ಮರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ) ಸಿಕ್ಕಿದ್ದು ಜುನಾ ಬಾಜಾರಿನಲ್ಲಿ. ಮಂಗಳವಾರ ಪೇಟೆಯಲ್ಲಿ ಬುಧವಾರ ಮತ್ತು ಭಾನುವಾರ ನೆರೆಯುವ ಸಂತೆ. ಇದನ್ನು ಹೊರಗಿನವರಿಗೆ ಹೇಳಿದರೆ ಪುಣೆಯವರು ಹೀಗೇ ಅಂತ ನಗುತ್ತಾರೆ. ತುಕ್ಕು ನೋಡಿ ಹೆದರಬೇಡಿ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ಒಂದು ರಾತ್ರಿ ಮುಳುಗಿಸಿದರೆ ತುಕ್ಕು ಬಿಡುತ್ತದೆ. ನೋಡಬೇಕಾದ್ದು ತಿರುಪಿನ ಹಲ್ಲು. ಅರ್ಧ ತೆರೆದು ದವಡೆ ಹಿಡಿದು ಅಲ್ಲಾಡಿಸಿ, ಜಾಸ್ತಿ ಗಲಗಲ ಅಂದರೆ ಅಲ್ಲೇ ಇಟ್ಟು ಬನ್ನಿ. ಎರಕದ ಬೀಡಿನಲ್ಲಿ ಬಿರುಕಿದ್ದರೂ ಅಷ್ಟೇ.

ಆದರೆ ನನ್ನ ನಿಜವಾದ ಕಾಲ್ಬೆರಳು ವೈಸ್ ಅಲ್ಲ, ಕೊಕ್ಕೆ. ಹಲಗೆಯಲ್ಲಿ ಸಾಲಾಗಿ ತೂತು ಕೊರೆದಿದ್ದೇನೆ. ಅದರೊಳಗೆ ತಲೆ ಬಗ್ಗಿಸಿದ ಒಂದು ಕಬ್ಬಿಣದ ಸರಳು ಇಳಿಬಿಟ್ಟು ಮೇಲಿನಿಂದ ಕೊಡತಿಯಲ್ಲಿ ಒಂದು ಏಟು ಕೊಟ್ಟರೆ ಸರಳು ತೂತಿನಲ್ಲಿ ಓರೆಯಾಗಿ ಸಿಕ್ಕಿಕೊಂಡು, ಕೆಲಸದ ಮರವನ್ನು ಹಲಗೆಗೆ ಅದುಮುತ್ತದೆ. ಬಿಡಿಸಬೇಕಾದರೆ ಹಿಂದಿನಿಂದ ಒಂದು ಏಟು. ತಿರುಪಿಲ್ಲ, ಸ್ಪ್ರಿಂಗಿಲ್ಲ. ಇದನ್ನು ರಸ್ತೆ ಬದಿಯ ಘಿಸಾಡಿ (ಅಲೆಮಾರಿ ಕಮ್ಮಾರ) ದಂಪತಿ ಮಾಡಿಕೊಟ್ಟರು. ಗಂಡ ಕುಲುಮೆ ಹತ್ತಿರ ಕೂತು ಕಬ್ಬಿಣ ತಿರುಗಿಸುತ್ತಿದ್ದ, ಹೆಂಡತಿ ನಿಂತು ಸುತ್ತಿಗೆ ಬೀಸುತ್ತಿದ್ದಳು. ಆಕೆ ನನ್ನ ಕಾಗದದ ಚಿತ್ರ ನೋಡಿ ಇದು ಯಾವ ದನ ಕಟ್ಟೋಕೆ ಅಂತ ಮರಾಠಿಯಲ್ಲಿ ಕೇಳಿದಳು. ಮರ ಕಟ್ಟೋಕೆ ಅಂದೆ. ಮರ ಎಲ್ಲಿಗೆ ಓಡುತ್ತೆ ಅಂದಳು.

ಕಡೆಗೆ ಎರಡು ಕೈ ಅಗಸೆ ಎಣ್ಣೆ. ನಮ್ಮ ಮನೆಯಲ್ಲಿ ಅಗಸಿ ಅಂದರೆ ರೊಟ್ಟಿ ಜೊತೆಗಿನ ಚಟ್ನಿಪುಡಿ. ಬೆಂಚಿಗೂ ಅದೇ ಬಡಿಸ್ತೀರೇನು ಅಂತ ಹೆಂಡತಿ ಕೇಳಿದಳು. ಇಲ್ಲೊಂದು ಎಚ್ಚರಿಕೆ, ನಗೋ ವಿಷಯವಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿ ಹೀರಿಕೊಂಡು ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲ ನೀರಲ್ಲಿ ಅದ್ದಿಡಿ.

ಇಷ್ಟೆಲ್ಲ ಓದಿ ಯಾರಿಗಾದರೂ ಭಯವಾಗಿದ್ದರೆ ಸುಲಭದ ದಾರಿಯೂ ಇದೆ. 18 ಮಿಲಿಮೀಟರಿನ ಎರಡು ಪ್ಲೈವುಡ್ ಹಾಳೆಯನ್ನು ಒಂದರ ಮೇಲೊಂದು ಅಂಟಿಸಿ. ಐ.ಎಸ್. 303 (ಪ್ಲೈ ಮೇಲೆ ಅಚ್ಚಿರುವ ಭಾರತೀಯ ಮಾನಕದ ಸಂಖ್ಯೆ) ಸಾಕು, ಮಳೆ ಎರಚಲು ಬೀಳುವ ಗ್ಯಾರೇಜಾದರೆ ಐ.ಎಸ್. 710 ಅಚ್ಚಿರೋದು ತಗೊಳ್ಳಿ. ಪ್ಲೈ ಹಿಗ್ಗೋದು ಕುಗ್ಗೋದು ಇಲ್ಲವೇ ಇಲ್ಲ ಅನ್ನಬಹುದು. ಕಾಲು ಮಾತ್ರ ದಪ್ಪ ಇರಲಿ, ಹಿಂದಿನ ಕಾಲುಗಳನ್ನು ಗೋಡೆಗೆ ಬಿಗಿದರಂತೂ ಅರ್ಧ ಚಿಂತೆ ಅಲ್ಲೇ ಮುಗಿಯಿತು. ಒಂದು ಭಾನುವಾರದ ಕೆಲಸ. ನನಗೆ ಏಳು ತಿಂಗಳು ಹಿಡಿಯಿತು.

ದಸರಾ ಮುಗಿದ ಮೇಲೆ ಮಿಸ್ತ್ರಿ ಬಂದಿದ್ದ. ಎದುರು ಮನೆಯ ಕೆಲಸ ಮುಗಿದಿತ್ತು, ಒಂದು ಬಾಗಿಲಿನ ಪಟ್ಟಿ ಮಾತ್ರ ಸ್ವಲ್ಪ ಕೀಸಬೇಕಿತ್ತು. ಇಲ್ಲೇ ಮಾಡು, ಬೆಂಚು ಇದೆಯಲ್ಲ ಅಂದೆ. ವೈಸ್ ತೋರಿಸಿದೆ, ಕೊಕ್ಕೆ ತೋರಿಸಿದೆ. ಎಲ್ಲ ನೋಡಿದ. ಒಂದು ಸಲ ಹೆಗಲು ಕೊಟ್ಟು ಬೆಂಚನ್ನು ನೂಕಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಸ್ಟೂಲಿನ ಮೇಲೆ ಕಾಲಿಟ್ಟು, ಬೆಂಚಿನ ಮೇಲೇ ಹತ್ತಿ ಕೂತ. ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ಹೆಬ್ಬೆರಳಿನ ಸಂದಿಗೆ ಪಟ್ಟಿ ಸಿಕ್ಕಿಸಿಕೊಂಡು ರಂದಾ ಹೊಡೆಯತೊಡಗಿದ. ನಾನು ಬಗ್ಗಿ ಕಾಲುಗಳ ಕಡೆ ನೋಡಿದೆ. ಹೆಂಡತಿ ಚಹಾ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತಳು.

"ಅಲುಗ್ತದೇನೋ ಮಿಸ್ತ್ರಿ?"

"ಇಲ್ರಿ ಕಾಕಾ" ಅಂದ. ತಲೆ ಎತ್ತಲಿಲ್ಲ. "ಸ್ವಲ್ಪ ಎತ್ತರ ಆತು, ಅಷ್ಟ."